ಟೆಂಪೋದಾಗ ಹುಟ್ಟಿದವಳ ಹಾಡು

"ನನ್ನ ಮಗಳ ಮೊಬೈಲಿನಾಗಿಂದ ನನ್ನ ಹಾಡು ತಗಿಸಿದವರು ನೀವೇ ಏನ್ರಿ?" ಅಂತ ಮಲ್ಕಮ್ಮ ಹೊಸ್ತಿಲಲ್ಲಿ ನಿಂತೇ ಕೇಳಿದಳು.

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಬಟ್ಟೆ ಅಂಗಡಿಯೊಂದರ ಮೇಲೆ ರೇವಣನ ರೆಕಾರ್ಡಿಂಗ್ ಕೋಣೆ. ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಬಂದು, ಆಟೋಗಳ ನಡುವೆ ನುಸುಳಿ, ಕಡಿದಾದ ಮೆಟ್ಟಿಲು ಹತ್ತಿದವಳಿಗೆ ಇನ್ನೂ ಏದುಸಿರು ನಿಂತಿರಲಿಲ್ಲ. ಹಿಂದೆ ಅಫ್ಶೀನ್ ಇದ್ದಳು. ಊರಿನಲ್ಲಿ ಪಕ್ಕದ ಮನೆಯ ಹುಡುಗಿ, ಈಗ ಕಲಬುರಗಿ ಕೋರ್ಟಿನಲ್ಲಿ ವಕೀಲೆ. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಮಲ್ಕಮ್ಮ ಹಾಡಿದ್ದನ್ನು ಮಗಳು ಭಾಗ್ಯ ಯೂಟ್ಯೂಬಿಗೆ ಹಾಕಿದ್ದಳು. ಅವತ್ತು ಹಾಡು ಕೂಡಿಸುತ್ತ ಊರಿಗೆ ಬಂದಿದ್ದ ರೇವಣನೂ ಅದನ್ನು ರೆಕಾರ್ಡ್ ಮಾಡಿಕೊಂಡು ತನ್ನ ಚಾನೆಲ್ಲಿಗೆ ಹಾಕಿದ್ದ. ನಾಲ್ಕೇ ದಿನಕ್ಕೆ ಭಾಗ್ಯ ಹಾಕಿದ್ದು ಮಾಯ. ಹಕ್ಕು ರೇವಣನದಂತೆ, ಅವನೇ ದೂರು ಕೊಟ್ಟನಂತೆ. ತನ್ನ ಹಾಡನ್ನು ತಾನೇ ಕದ್ದಂತಾಗಿತ್ತು ಮಲ್ಕಮ್ಮನಿಗೆ.

"ಕುಂಡ್ರಿ ಅವ್ವಾರ, ನೀರು ಕುಡೀರಿ," ಅಂದ ರೇವಣ. ಕೆಟ್ಟ ಮನುಷ್ಯನಲ್ಲ, ಮಾತು ಬೆಲ್ಲ. "ಅದು ಜಾನಪದ ಹಾಡ್ರಿ. ಊರೂರು ತಿರುಗಿ ನಾ ಕೂಡಿಸೀನಿ, ನಾ ರೆಕಾರ್ಡ್ ಮಾಡೀನಿ. ಅದಕ್ಕ ಹಕ್ಕು ನಂದು. ಬೇಕಾದ್ರ ನೀವೇ ಏನಂದ್ರಿ ಕೇಳ್ರಿ."

ಅವನು ಕಂಪ್ಯೂಟರಿನಲ್ಲಿ ಏನನ್ನೋ ಒತ್ತಿದ. ಮೊದಲು ಹೆಂಗಸರ ನಗು, ಕೂಸಿನ ಅಳು. ಆಮೇಲೆ ರೇವಣನ ದನಿ: 'ಈ ಹಾಡು ಯಾರದ್ರಿ?' ಅದರ ಬೆನ್ನಿಗೇ ಮಲ್ಕಮ್ಮನ ದನಿ, ನಾಚಿಕೊಂಡು: 'ನಮ್ಮದೇನದ್ರಿ, ಹಿರ್ಯಾರದು.'

ಮಲ್ಕಮ್ಮನ ಮುಖ ಕೆಂಪಾಯಿತು. ಹೌದು, ಅಂದಿದ್ದಳು. ಅವಳ ಓಣಿಯ ಹೆಂಗಸರೆಲ್ಲ ಹಾಗೇ ಅನ್ನುವುದು. ತೊಟ್ಟಿಲಿಗೆ ಹೊಸ ಹಾಡು ಕಟ್ಟಿದವಳು 'ನಾ ಕಟ್ಟಿದ್ದು' ಅಂತ ಬಾಯಿಬಿಟ್ಟರೆ, ಎಷ್ಟು ಸೊಕ್ಕು ನೋಡು ಇವಳಿಗೆ ಅಂದಾರು. ಅತ್ತೆಯೂ ಹಾಗೇ ಅಂದಿದ್ದಳು, ಅತ್ತೆಯ ಅತ್ತೆಯೂ. ಹೀಗೆ ಎಷ್ಟು ಮಂದಿ ತಮ್ಮ ಹಾಡುಗಳನ್ನು ಹಿರಿಯರ ಲೆಕ್ಕಕ್ಕೆ ಹಾಕಿ ಹೋದರೋ, ಯಾರಿಗೆ ಗೊತ್ತು? ಅಫ್ಶೀನ್ ಬಾಯಿ ತೆರೆಯುವಷ್ಟರಲ್ಲಿ ಮಲ್ಕಮ್ಮ ಕೈ ಅಡ್ಡ ಹಿಡಿದಳು. "ತಡಿಯವ್ವ. ರೇವಣಣ್ಣಾರ, ಹಾಡಿನ ಎರಡನೇ ನುಡಿ ಹಚ್ಚರಿ."

ಹಾಡು ಬಂತು.

ಮಹಾಗಾಂವ ದಾರ್ಯಾಗ ಟೆಂಪೋದಾಗ ಹುಟ್ಟೀದಿ
ತೊಗರಿಯ ಹೂವ ಕಂಡು ನಕ್ಕೀದಿ ಕಂದಮ್ಮ
ಆಸ್ಪತ್ರಿಗಿಂತ ಮೊದಲ ಬಂದೀದಿ

"ನಮ್ಮ ಹಿರ್ಯಾರು ಟೆಂಪೋದಾಗ ಅಡ್ಯಾಡಿದ್ದು ನಾ ಕೇಳಿಲ್ಲ," ಅಂದಳು ಮಲ್ಕಮ್ಮ. "ಅವರು ಎತ್ತಿನ ಬಂಡ್ಯಾಗ ಹೋದವರು. ಇದು ನನ್ನ ಮೊಮ್ಮಗಳು ಹುಟ್ಟಿದ ಕತಿ. ಡ್ರೈವರ್ ಹೆಸರು ಹೇಳ್ಲ್ಯಾ? ಮೂರನೇ ನುಡ್ಯಾಗ ಅವನೂ ಹಾನ."

ರೇವಣ ನಕ್ಕ, ಆದರೆ ಮೊದಲಿನ ಹಾಗಲ್ಲ. "ಹಾಡು ನಿಮ್ಮದ ಇರಲಿ ಅವ್ವಾರ. ಸರ್ಕಾರದಾಗ ರಿಜಿಸ್ಟ್ರಿ ಮಾಡಿಸೀರೇನು?"

"ಬೇಕಾಗಿಲ್ರಿ," ಅಂದಳು ಅಫ್ಶೀನ್. ಇನ್ನು ಅವಳನ್ನು ತಡೆಯುವವರಿರಲಿಲ್ಲ. "ಬರದ ದಿನದಿಂದ ಹಕ್ಕು ಬರದವರದು. ರಿಜಿಸ್ಟ್ರಿ ಮಾಡಿಸಿದ್ರ ನಾಳೆ ಜಗಳಕ್ಕ ಸಾಕ್ಷಿ ಆಗ್ತದ, ಅಷ್ಟೇ. ನೀವು ಮಾಡಿದ ರೆಕಾರ್ಡಿಂಗ್ ನಿಮ್ಮದು ಅಂತೀರಿ, ಅನ್ರಿ. ಹಾಡು ಈ ಮಲ್ಕಮ್ಮ ಮೌಶೀದು. ಕೊಟ್ಟೀನಿ ಅಂತ ಮೌಶಿ ಸಹಿ ಮಾಡಿದ ಕಾಗದ ಅದ ಏನ್ರಿ ನಿಮ್ಮ ಹತ್ರ?"

"ಬರದದ್ದಂದ್ರ, ಎಲ್ಲಿ ಬರದಾರ?"

ಮಲ್ಕಮ್ಮ ಚೀಲದಿಂದ ಭಾಗ್ಯಳ ತಾಯಿ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಬಸುರಿನಲ್ಲಿ ಆಸ್ಪತ್ರೆಯವರು ಕೊಟ್ಟ ಪುಸ್ತಕ ಅದು. ಒಳಗೆ ಕೂಸಿನ ತೂಕ, ಚುಚ್ಚುಮದ್ದಿನ ದಿನ, ಆಸ್ಪತ್ರೆಯ ಸಿಕ್ಕೆಯ ಮುದ್ರೆ. ಕೊನೆಯ ಖಾಲಿ ಹಾಳೆಯ ತುಂಬ, ಶಾಲೆಯಲ್ಲಿ ಐದನೇ ಇಯತ್ತೆ ತನಕ ಕಲಿತ ಮಲ್ಕಮ್ಮನ ದುಂಡು ಅಕ್ಷರದಲ್ಲಿ, ಹಾಡು. ಎರಡು ಕಡೆ ಹೊಡೆದು ಹಾಕಿ ಮತ್ತೆ ಬರೆದಿದ್ದಳು. 'ನಕ್ಕೀದಿ' ಅನ್ನುವಲ್ಲಿ ಮೊದಲು 'ಅತ್ತೀದಿ' ಅಂತ ಇತ್ತು.

ರೇವಣ ಆ ಹಾಳೆಯನ್ನು ಬಹಳ ಹೊತ್ತು ನೋಡಿದ. "ಜಾನಪದ ಅಂದ್ರ ಎಲ್ಲಾರದು ಅಂತ ತಿಳ್ದಿದ್ದೆ ಅವ್ವಾರ," ಅಂದ.

"ಎಲ್ಲಾರದಾದ್ರ ನಿಮ್ಮೊಬ್ಬರದು ಹ್ಯಾಂಗ ಆತು?"

ರೇವಣ ಪುಸ್ತಕ ಮುಚ್ಚಿ ಹಿಂದಕ್ಕೆ ಕೊಟ್ಟು, ಹಾಡನ್ನು ತನ್ನ ಚಾನೆಲ್ಲಿನಿಂದ ತೆಗೆದೇ ಬಿಡಲೇ ಅಂತ ಕೇಳಿದ. ಮಲ್ಕಮ್ಮ ಬೇಡವೆಂದಳು. ಮಂದಿ ಕೇಳಲಿ, ಹಾಡಲಿ, ತೊಟ್ಟಿಲು ತೂಗಲಿ. ಮಗಳ ಮೇಲಿನ ದೂರು ಮಾತ್ರ ಈಗಲೇ, ತನ್ನ ಕಣ್ಣೆದುರಿಗೇ ಹೋಗಬೇಕು. 'ಸಂಗ್ರಹ, ಹಕ್ಕು: ರೇವಣ' ಅಂತ ಇದ್ದಲ್ಲಿ ಬರೆದವಳ ಹೆಸರು ಬರಬೇಕು. ಹೆಸರು ಬಂದು, ಅಫ್ಶೀನ್ ನೋಡಿ ಸರಿ ಅನ್ನುವ ತನಕ ಕೆಳಗಿಳಿಯುವವಳಲ್ಲ. ಅಂದವಳೇ ಕುರ್ಚಿಯ ಮೇಲೆ ಸರಿಯಾಗಿ ಕೂತಳು.

ರೇವಣ ಕೀಬೋರ್ಡ್ ಎಳೆದುಕೊಂಡ. ಮೊದಲು ದೂರು ಹಿಂದಕ್ಕೆ ಪಡೆದು ಅಫ್ಶೀನ್‌ಗೆ ತೋರಿಸಿದ. ಆಮೇಲೆ ಕೇಳಿದ: "ರಚನೆ ಅಂತ ಹಾಕ್ತೀನಿ. ಹೆಸರು ಹೇಳ್ರಿ."

"ಮಲ್ಕಮ್ಮ."

"ಮಲ್ಕಮ್ಮ, ಗಂಡ...?" ಬೆರಳೆತ್ತಿ ಕಾದ ರೇವಣ. "ಯಜಮಾನ್ರ ಹೆಸರೇನ್ರಿ? ಪೂರಾ ಹಾಕೂಣು."

"ನಾ ಆಸ್ಪತ್ರ್ಯಾಗ ಕುಂತು ಬರೀವಾಗ ಅವರು ಊರಾಗ ಕಟ್ಟಿ ಮ್ಯಾಲ ಇಸ್ಪೀಟ ಆಡ್ಲಾಕತ್ತಿದ್ರು," ಅಂದಳು ಮಲ್ಕಮ್ಮ. "ನನ್ನ ಹೆಸರು ಬರದು ಅಷ್ಟಕ್ಕೇ ಚುಕ್ಕಿ ಇಡ್ರಿ."