ಉಡಿ ತುಂಬಿದ ಮೇಲೆ

“ಇಕಿ ರಕ್ತಾನ ವಿಷ ಐತ್ರಿ. ಎರಡು ಕೂಸು ಹಳದಿಯಾಗಿ ಸತ್ತುವು. ಇಕಿ ತಂಗೀನ್ನ ಮಗಗ ತರ್ತೇವಿ,” ಎಂದಳು ಶೇಖವ್ವ, ಸೊಸೆ ಮಾದೇವಿಯ ಎದುರಿಗೇ.

ಹಾನಗಲ್ಲಿನ ಡಾಕ್ಟರು ಹುಬ್ಬಳ್ಳಿಯಿಂದ ಬಂದ ರಕ್ತ ಪರೀಕ್ಷೆಯ ಚೀಟಿಯನ್ನು ಮಡಚಿದರು. “ವಿಷ ಅಲ್ಲವ್ವ. ಕೂಸು ಅಪ್ಪನ ರಕ್ತದ ಗುಂಪು ಪಡದ್ರ, ಇಕಿ ರಕ್ತ ಅದನ್ನ ಹೊರಗಿಂದು ಅಂತ ತಿಳಿದು ಕೊಲ್ಲತೈತಿ. ತಂಗೀದೂ ಇಂಥಾದ್ದ ರಕ್ತ ಇರಬಹುದು.”

“ಆಕಿಗೆ ಆಗಲೇ ಉಡಿ ತುಂಬಿ ಲಗ್ನ ಗೊತ್ತು ಮಾಡೇವ್ರಿ,” ಎಂದ ಮಗ ಗುದ್ಲೆಪ್ಪ, ಹೆಂಡತಿಯತ್ತ ನೋಡದೆ. “ಈಗ ಬಿಟ್ರ ಮಂದಿ ಏನಂತಾರ?”

ಗಂಡನೆದುರು ಎಂದೂ ಬಾಯಿ ತೆರೆಯದ ಮಾದೇವಿ, ಬಾಗಿಲಲ್ಲಿ ನಿಂತಿದ್ದ ತಂಗಿಯನ್ನು ಎಳೆದುಕೊಂಡು ಬಂದು ಅವಳ ಬೆರಳನ್ನು ಡಾಕ್ಟರ ಮುಂದೆ ಹಿಡಿದಳು.

“ಚುಚ್ಚಿ ನೋಡ್ರಿ ಸಾಹೇಬ್ರ. ಹಂಗ ಇವರನ್ನೂ ಒಂದು ಮಾತು ಕೇಳ್ರಿ. ಮಂದಿಗೆ ಅಂಜಿ ಇನ್ನೂ ಎಷ್ಟು ಕೂಸು ಮಣ್ಣು ಮಾಡೋರಿದ್ದಾರ?”