ಶೆಟ್ಟರ ಹೆಸರಿನ ಡಬ್ಬ

ಗಂಡನ ಹೆಸರು ಬರೆದ ಡಬ್ಬಕ್ಕೂ ಪುಷ್ಪಾವತಿ ತನ್ನ ಮಲವನ್ನೇ ಹಾಕಿ ಮುಚ್ಚಳ ಬಿಗಿದಳು. ಬೇರೆ ದಾರಿ ಇರಲಿಲ್ಲ. ಅರುವತ್ತು ದಾಟಿದವರಿಗೆ ಕರುಳಿನ ಕ್ಯಾನ್ಸರಿನ ತಪಾಸಣೆ ಎಂದು ಆಶಾ ಕಾರ್ಯಕರ್ತೆ ದಮಯಂತಿ ಎರಡು ಡಬ್ಬ ಕೊಟ್ಟುಹೋಗಿ ಎಂಟು ದಿನವಾಗಿತ್ತು. ಆಮೇಲೆ ಮೂರು ಸಲ ಅಂಗಳಕ್ಕೆ ಬಂದು, ಮೂರು ಸಲವೂ ಹರಿನಾಥ ಶೆಟ್ಟರಿಂದ ಬೈಸಿಕೊಂಡು ಹೋಗಿದ್ದಳು.

ಶೆಟ್ಟರು ಮನೆತನದ ದೈವಸ್ಥಾನದಲ್ಲಿ ಗಡಿ ಹಿಡಿದವರು, ಎಂದರೆ ದೈವದ ಮುಂದೆ ಮನೆತನದ ಯಜಮಾನಿಕೆಯ ದೀಕ್ಷೆ ಪಡೆದವರು. ದೈವದ ಮೊದಲ ಪ್ರಸಾದ ಅವರ ಕೈಗೆ. ಗಡಿ ಹಿಡಿದ ಮೇಲೆ ಕಂಡಕಂಡವರ ಮನೆಯ ನೀರನ್ನೂ ಮುಟ್ಟದ ಮನುಷ್ಯ. ಅಂಥವರು ಹೇಲನ್ನು ಕಡ್ಡಿಯಲ್ಲಿ ಕೆದಕಿ, ಡಬ್ಬಕ್ಕೆ ತುಂಬಿಸಿ, ಹೆಂಗಸಿನ ಕೈಗೆ ಕೊಡುವುದೆಂದರೇನು? ಹೀಗೆ ಕೇಳಿದವರು ಅವರೇ, ಅದೂ ಮಾರ್ಗಕ್ಕೆ ಕೇಳುವ ಹಾಗೆ. ಬೇಗ ಸಿಕ್ಕಿದರೆ ಗುಣವಾಗುವ ರೋಗ ಇದು, ತಡವಾದರೆ ದೇವರೂ ಕೈಚೆಲ್ಲುತ್ತಾನೆ ಎಂದು ದಮಯಂತಿ ಹೇಳಿದ್ದು ಶೆಟ್ಟರ ಕಿವಿಗೆ ಹೋಗಲಿಲ್ಲ. ಪುಷ್ಪಾವತಿಯ ಕಿವಿಗೆ ಹೋಗಿತ್ತು. ನಾಲ್ಕು ತಿಂಗಳಿಂದ ಅವಳಿಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ಉಷ್ಣ ಇರಬೇಕೆಂದು ಎಳನೀರು ಕುಡಿಯುತ್ತ, ಯಾರಿಗೂ ಹೇಳದೆ ದಿನ ತಳ್ಳುತ್ತಿದ್ದಳು. ತನ್ನ ಡಬ್ಬವನ್ನು ಕೊಡಲೇಬೇಕು. ಒಂದನ್ನು ತುಂಬಿಸಿ ಇನ್ನೊಂದನ್ನು ಖಾಲಿ ಕಳಿಸಿದರೆ ಆ ಬಡಪಾಯಿ ದಮಯಂತಿ ಮತ್ತೆ ಬಂದು ಬೈಸಿಕೊಳ್ಳಬೇಕು. ಗಟ್ಟಿಮುಟ್ಟಾದ ಗಂಡಸಿಗೆ ಎಂತ ರೋಗ ಎಂದುಕೊಂಡು ಎರಡನ್ನೂ ತುಂಬಿಸಿಬಿಟ್ಟಳು.

ಎರಡರಲ್ಲೂ ರಕ್ತದ ಅಂಶ ಇದೆ ಎಂದು ಹದಿನೈದು ದಿನಕ್ಕೆ ಫೋನು ಬಂತು. ಇಬ್ಬರೂ ಮಂಗಳೂರಿಗೆ ಹೋಗಿ ಪೈಪು ಹಾಕಿಸಿ ಕರುಳನ್ನು ನೋಡಿಸಬೇಕಂತೆ. ಇಬ್ಬರೂ ಒಟ್ಟಿಗೆ ಮಲಗಿದರೆ ಮನೆಯಲ್ಲಿ ಗಂಜಿ ಬೇಯಿಸುವವರು ಯಾರು, ಮೊದಲು ಅಪ್ಪನದ್ದಾಗಲಿ, ಮುಂದಿನ ವಾರ ಅಮ್ಮನದ್ದು ಎಂದು ಮಗ ಅಕ್ಷಿತ್ ತೀರ್ಮಾನಿಸಿದ. ಹೇಗೂ ತನ್ನ ಸರದಿ ಬರುತ್ತದಲ್ಲ, ಮತ್ತೆ ಬಾಯಿ ಬಿಟ್ಟು ರಂಪ ಯಾಕೆ ಎಂದು ಪುಷ್ಪಾವತಿ ಸುಮ್ಮನಾದಳು.

ಜೀವಭಯ ಬಂದರೆ ಮಡಿಗೂ ರಜೆ. ಶೆಟ್ಟರು ತುಟಿಪಿಟಕ್ಕೆನ್ನದೆ ಒಪ್ಪಿದರು. ಹಿಂದಿನ ದಿನವಿಡೀ ಭೇದಿಯ ಔಷಧಿ ಕುಡಿದು ಬಚ್ಚಲಿಗೂ ಮಂಚಕ್ಕೂ ಓಡಾಡಿದರು. ಪಾಪ ಅನ್ನಿಸಿ, ಹೇಳಿಬಿಡುತ್ತೇನೆ ಎಂದು ಪುಷ್ಪಾವತಿ ಹತ್ತು ಸಲ ಬಾಯಿ ತೆರೆದಳು. ಹತ್ತು ಸಲವೂ ಅವರು ಓಡಿಹೋಗಿ ಬಾಗಿಲು ಹಾಕಿಕೊಂಡರು.

ಶೆಟ್ಟರ ಕರುಳಿನಲ್ಲಿ ಏನೂ ಇರಲಿಲ್ಲ. ರಕ್ತ ಬೇರೆ ಕಾರಣಕ್ಕೂ ಹೋಗಬಹುದು, ಅದಕ್ಕೇ ಒಳಗೆ ನೋಡುವುದು, ಹೆಂಡತಿಯನ್ನು ತಪ್ಪದೆ ಕರೆದುಕೊಂಡು ಬನ್ನಿ ಎಂದು ಡಾಕ್ಟರು ಹೇಳಿದ್ದರು. ಶೆಟ್ಟರಿಗೆ ಬೇಕಾದ ಅರ್ಧ ಮಾತ್ರ ಕೇಳಿಸಿತು. ಮನೆಗೆ ಬಂದವರೇ ಮೈಲಿಗೆ ಕಳೆಯಲು ಭಟ್ಟರನ್ನು ಕರೆಸಿ ಶುದ್ಧಕಲಶ ಮಾಡಿಸಿದರು. ಬಂದವರೆದುರೆಲ್ಲ ಆ ಡಬ್ಬದ ಪರೀಕ್ಷೆ ಬರೀ ಬೊಗಳೆ ಎಂದು ಸಾರಿದರು. ಮುಂದಿನ ವಾರದ ಮಾತೆತ್ತಿದ ಹೆಂಡತಿಗೆ ಪ್ರೀತಿಯಿಂದಲೇ ಹೇಳಿದರು:

"ನನ್ನದು ಸುಳ್ಳಾದರೆ ನಿನ್ನದೂ ಸುಳ್ಳೇ ಅಲ್ವಾ ಮಾರಾಯ್ತಿ? ಒಂದೇ ನಮೂನೆ ಡಬ್ಬ, ಒಂದೇ ಮಿಷನ್. ಆ ಮರ್ಯಾದೆಗೇಡು ನಿನಗೆ ಎಂತದಕ್ಕೆ?"

ಅಕ್ಷಿತ್ ಕೂಡ ತಲೆಯಾಡಿಸಿದ. ಲೆಕ್ಕ ಸರಿಯಾಗಿಯೇ ಇತ್ತಲ್ಲ.

ಪುಷ್ಪಾವತಿಯ ಸರದಿಯನ್ನು ನೆನಪಿಸಲು ಬಂದ ದಮಯಂತಿಗೆ ಅಪ್ಪ ಮಗ ಇಬ್ಬರೂ ಸೇರಿ ಬೈದರು. ಅವಳ ಹಿಂದೆಯೇ ಪುಷ್ಪಾವತಿ ಗೇಟಿನವರೆಗೆ ಹೋಗಿ, ಕೈ ಹಿಡಿದು ನಿಲ್ಲಿಸಿದಳು.

"ಎರಡೂ ನನ್ನದೇ ದಮಯಂತಿ. ಅವರದ್ದು ಅಲ್ಲವೇ ಅಲ್ಲ."

ದಮಯಂತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಪುಷ್ಪಾವತಿಯ ಕೈಯನ್ನು ಅವಳೇ ಗಟ್ಟಿಯಾಗಿ ಹಿಡಿದುಕೊಂಡಳು.

"ಹಾಗಾದ್ರೆ ಆ ಪರೀಕ್ಷೆ ನಿಮಗೇ ಎರಡೆರಡು ಸಲ ಹೇಳಿದ್ದುಂಟು, ಪುಷ್ಪಕ್ಕಾ. ಇವತ್ತೇ ಶೆಟ್ರಿಗೆ ಹೇಳಿ. ಡಬ್ಬ ತಪ್ಪಿದ್ದಕ್ಕೆ ನನ್ನ ಕೆಲಸ ಹೋದರೆ ಹೋಗಲಿ."

ಮಧ್ಯಾಹ್ನ ಊಟ ಮುಗಿಸಿ ಶೆಟ್ಟರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದಾಗ ಪುಷ್ಪಾವತಿ ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದಳು. ನಾಲ್ಕು ತಿಂಗಳಿನ ರಕ್ತ, ಎರಡು ಡಬ್ಬ, ದಮಯಂತಿಯ ಮಾತು, ಒಂದನ್ನೂ ಬಿಡಲಿಲ್ಲ. ತನಗೆ ಸಾಯಲು ಹೆದರಿಕೆಯಾಗುತ್ತದೆ ಎಂದೂ ಹೇಳಿದಳು. ಆ ಮಾತನ್ನು ಅವಳು ಯಾರೊಡನೆಯೂ ಆಡಿದವಳಲ್ಲ. ಬೈಗುಳಕ್ಕೆ ಅವಳು ತಯಾರಾಗಿಯೇ ಕುಳಿತಿದ್ದಳು. ಶೆಟ್ಟರು ಬೈಯಲಿಲ್ಲ. ಎಲೆಯನ್ನು ಹರಿವಾಣದಲ್ಲಿ ಇಟ್ಟು ಅವಳ ಮುಖವನ್ನು ತುಂಬಾ ಹೊತ್ತು ನೋಡಿದರು. ಮದುವೆಯಾದ ನಲುವತ್ತು ವರ್ಷದಲ್ಲಿ ಅವರು ಹಾಗೆ ನೋಡಿದ್ದು ಅವಳಿಗೆ ನೆನಪಿಲ್ಲ. ಯಾವ ದಿನ ಮಂಗಳೂರಿಗೆ ಹೋಗುವುದು ಎಂದು ಈಗ ಕೇಳುತ್ತಾರೆ ಅಂದುಕೊಂಡಳು.

ಅವರು ಎದ್ದು ಹೋಗಿ ಜಗಲಿಯ ಕಡೆಯ ಬಾಗಿಲನ್ನು ಹಾಕಿ ಬಂದರು. ಸ್ವರ ತಗ್ಗಿಸಿ ಕೇಳಿದರು:

"ಇದು ಇನ್ನು ಯಾರಿಗೆಲ್ಲ ಗೊತ್ತುಂಟು?"