ಬೆವರಿನ ಲೆವೆಲ್

"ನಮ್ಮೊಳಗ ಯಾರೋ ಒಬ್ರು ತಮ್ಮ ಆಟ ಬ್ಯಾರೇದವರ ಕೈಲೆ ಆಡಸಾಕತ್ತಾರ," ಎಂದಿತು ಮೊಬೈಲಿನಲ್ಲಿ ಕ್ಯಾಪ್ಟನ್ ಶ್ರೀಶೈಲರ ದನಿ. "ಗೊತ್ತಾದ ದಿನಾನ ಪಡೆಯಿಂದ ಹೊರಗ."

ಪ್ರಿಯದರ್ಶಿನಿ ಮೊಬೈಲಿನ ದನಿ ತಗ್ಗಿಸಿದಳು. ಆ ಒಬ್ಬರು ಅವಳೇ.

‘ಕೋಟೆ ಕಾಳಗ’ ಎಂಬ ಆನ್‌ಲೈನ್ ಆಟದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಹನ್ನೆರಡು ಮಂದಿಯ ಪಡೆ ಅದು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಪ್ರಿಯದರ್ಶಿನಿ ಅಲ್ಲಿ ವೈದ್ಯೆ. ಗಾಯಗೊಂಡವರನ್ನು ಉಳಿಸುವುದರಲ್ಲಿ ಎತ್ತಿದ ಕೈ. ಸಿಂದಗಿಯ ಲ್ಯಾಬೊಂದರಲ್ಲಿ ದಿನವಿಡೀ ರಕ್ತ ಪರೀಕ್ಷಿಸುವ ಅವಳಿಗೆ ‘ನೀ ಇದ್ರ ನಮಗ ಧೈರ್ಯ ನೋಡವ್ವಾ’ ಎನ್ನುವವರು ಲೋಕದಲ್ಲಿ ಆ ಹನ್ನೊಂದು ಜನ ಮಾತ್ರ. ಅವರನ್ನು ಕಳೆದುಕೊಳ್ಳಲು ಅವಳು ಸುತರಾಂ ಸಿದ್ಧಳಿರಲಿಲ್ಲ.

ಆದರೆ ಭಾನುವಾರದ ಯುದ್ಧಕ್ಕೆ ಲೆವೆಲ್ ನಲವತ್ತು ಬೇಕು. ತಾನೇ ಆಡಿದಷ್ಟರಲ್ಲಿ ಅವಳದು ಇಪ್ಪತ್ತೆರಡಕ್ಕೇ ನಿಂತಿತ್ತು. ಮೇಲೇರಬೇಕೆಂದರೆ ಆಟದ ಕಾಡಿನಲ್ಲಿ ಕಾಡುಹಂದಿ ಹೊಡೆಯಬೇಕು, ಸಾವಿರಗಟ್ಟಲೆ.

"ಕೈಯಾಗ ಕಸುಬು ಇದ್ದರ ಸಾಲದೇನ್ರಿ? ಹಂದಿ ಯಾಕ ಬಡೀಬೇಕು?" ಎಂದು ಒಮ್ಮೆ ಕ್ಯಾಪ್ಟನ್ ಜೊತೆ ವಾದಿಸಿದ್ದಳು.

"ಬೆವರು ಸುರಸಬೇಕು ತಂಗಿ. ನಾ ಲೆವೆಲ್ ತೊಂಬತ್ತಕ್ಕ ಪುಕ್ಕಟ ಬಂದೇನೇನು?"

ಝಳಕಿಯ ದೊಡ್ಡ ಹೊಲಮನೆಯ ಸಾಹುಕಾರರಾದರೂ ಕ್ಯಾಪ್ಟನ್ ಹಗಲೆಲ್ಲ ಹಂದಿ ಹೊಡೆಯುತ್ತಿದ್ದರು. ಆಗ ಯಾರು ಏನು ಬರೆದರೂ ಉತ್ತರವಿಲ್ಲ. ಮಾತೆಲ್ಲ ಸಂಜೆಯ ಮೇಲೆ. ಕಾಡಿಗೆ ಹೊರಟರೆ ಎಲ್ಲರನ್ನೂ ಮುಂದೆ ಬಿಟ್ಟು ತಾವು ಹಿಂದಿನಿಂದ ಬರುವರು. ಮರಳುವಾಗ ಕೋಟೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಟ್ಟು ಕೊನೆಗೆ ತಾವು. ನಾಯಕನೆಂದರೆ ಹೀಗಿರಬೇಕು ಎಂದು ಪಡೆಯೆಲ್ಲ ಕೊಂಡಾಡುತ್ತಿತ್ತು.

ಶನಿವಾರ ಮಧ್ಯಾಹ್ನ ಪ್ರಿಯದರ್ಶಿನಿ ಕನ್ನೊಳ್ಳಿಯ ತಂದೆಯ ಹೊಲಕ್ಕೆ ಹೋದಳು. ಇಂಡಿ ಕಡೆಯಿಂದ ಬಂದ ಕುರಿಹಿಂಡು ಜೋಳದ ಕೂಳೆ ಮೇಯುತ್ತಿತ್ತು. ಬೇವಿನ ಕೆಳಗೆ ಕುರಿಗಾಹಿ ಚಂದವ್ವ, ಕೈಯಲ್ಲಿ ಪ್ರಿಯದರ್ಶಿನಿಯ ಹಳೆಯ ಫೋನು. ಹೊಲ ಮೇಯಿಸಲು ಬಿಟ್ಟದ್ದಕ್ಕೆ ಪ್ರತಿಯಾಗಿ ಹಂದಿ ಹೊಡೆದುಕೊಡುವುದೆಂದು ಇಬ್ಬರಲ್ಲಿ ಒಪ್ಪಂದವಾಗಿತ್ತು. ಆಟ ಅವಳಿಗೆ ಮೊದಲೇ ಗೊತ್ತಿದ್ದದ್ದು ಪ್ರಿಯದರ್ಶಿನಿಯ ಪುಣ್ಯ.

"ಎಷ್ಟಕ್ಕ ಬಂತು ಚಂದವ್ವಾ?"

"ಮೂವತ್ತೆಂಟ್ರಿ ಅಕ್ಕಾರ. ಇನ್ನೆರಡು ದಿನಾ ಬೇಕ್ರಿ."

ಯುದ್ಧ ನಾಳೆ. ಪ್ರಿಯದರ್ಶಿನಿ ಅಲ್ಲೇ ಬದುವಿನ ಮೇಲೆ ಕುಳಿತಳು. ಅಳು ಬಂತು. ಅಳುವಿಗಿಂತ ಹೆಚ್ಚು ನಾಚಿಕೆಯಾಯಿತು. ಬೆವರಿನ ಮನುಷ್ಯನಿಗೆ ಮೋಸ ಮಾಡಿದೆನಲ್ಲ! ಫೋನು ಇಸಿದುಕೊಂಡಳು. ಪರದೆಯಲ್ಲಿ ಕ್ಯಾಪ್ಟನ್ ಎಂದಿನಂತೆ ಕೋಟೆಯ ಬಾಗಿಲಲ್ಲಿ ನಿಂತಿದ್ದರು. ಹೊರಹಾಕಿದರೆ ಹಾಕಲಿ ಎಂದು ಅವರೊಬ್ಬರಿಗೇ ಬರೆದಳು: ‘ಸರ್, ತಪ್ಪಾತ್ರಿ. ಹಂದಿ ನಾ ಹೊಡಿಲಿಲ್ಲ. ಕುರಿ ಕಾಯಾಕಿ ಕೈಲೆ ಹೊಡಿಸೇನಿ.’

ಕಳಿಸಿ ಕಣ್ಣು ಮುಚ್ಚಿದಳು.

ಚಂದವ್ವನ ಮಗ್ಗುಲಲ್ಲಿ ಮಡಿಸಿಟ್ಟ ಕಂಬಳಿಯೊಳಗೆ ಟಿಣ್ ಎಂದಿತು. ಅವಳು ಅದರೊಳಗಿಂದ ಇನ್ನೊಂದು ಫೋನು ತೆಗೆದು, ಪರದೆಯನ್ನೊಮ್ಮೆ ನೋಡಿ ಮುಂದೆ ಚಾಚಿದಳು.

"ನನಗ ಓದಾಕ ಬರಂಗಿಲ್ರಿ ಅಕ್ಕಾರ. ಝಳಕಿ ಸಾವಕಾರ್ರ ಆಟಕ್ಕ ಯಾರೋ ಏನೋ ಬರದಾರ, ಒಂಚೂರು ಓದಿ ಹೇಳ್ರಿ."